ಹಿಕ್ಕೆಯಿಲ್ಲದ ಹಟ್ಟಿ

ಬಾಯ್ಲರಿನವನು ನಾನು. ಇಪ್ಪತ್ತೆರಡು ವರ್ಷ
ಸಿಂಧನೂರಿನ ಈ ಮಿಲ್ಲಿನಲ್ಲಿ ಭತ್ತ ಬೇಯಿಸಿದೆ.
ಹಬೆಯ ಶಬ್ದ ಕೇಳಿಯೇ ಅದರ ಸಿಟ್ಟು ಅಳೆಯಬಲ್ಲೆ.
ಈಗ ಅದೇ ಶೆಡ್ಡಿನ ಹಿಂದಿನ ಕೋಣೆಯಲ್ಲಿ
ಎದೆಮಟ್ಟದ ಒಂದು ಉಕ್ಕಿನ ಹಂಡೆ.
ಅದಕ್ಕೆ ಬೇಕಾದ ಬಿಸಿ ಮೂವತ್ತೊಂಬತ್ತು,
ಕುರಿಯ ಕಂಕುಳಲ್ಲಿ ಕೈಯಿಟ್ಟರೆ ಎಷ್ಟೋ ಅಷ್ಟು.

ಕುರಿ ಮಾತ್ರ ಇಲ್ಲಿಲ್ಲ.
ಅದು ತುರ್ವಿಹಾಳದ ಆಚೆ, ಕೊಯ್ದ ಗದ್ದೆಯಲ್ಲಿ
ಕೂಳೆ ಮೇಯುತ್ತಿದೆ. ಹುಲಿಗೆವ್ವನ ಕೆಂಗುರಿ ಟಗರು,
ಬಲ ತೊಡೆಯಲ್ಲಿ ಹೆಸರುಕಾಳಿನಷ್ಟು ಕಲೆ.
ನುಸ್ರತ್ ಡಾಕ್ಟರು ಅಲ್ಲಿಂದ ಚಿವುಟಿ ತಂದದ್ದು
ಎರಡು ಅಕ್ಕಿಕಾಳಿನಷ್ಟು ಮಾಂಸ.
ಟಗರು ಒಮ್ಮೆ ತಲೆ ಕೊಡವಿ
ಮತ್ತೆ ಮೇಯತೊಡಗಿತಂತೆ.

ಇಲ್ಲಿ ಅದು ನಮ್ಮ ನುಚ್ಚಿನ ಸಿಹಿನೀರು ಕುಡಿದು
ಒಂದು ಎರಡಾಗಿ, ಎರಡು ನಾಲ್ಕಾಗಿ.
"ಬೆಳೀತದ ಯಂಕೋಬಣ್ಣ, ನೋಡ್ರಿ" ಎಂದು
ಸೂಕ್ಷ್ಮದರ್ಶಕಕ್ಕೆ ನನ್ನ ಕಣ್ಣು ಹಚ್ಚಿಸಿದಾಗ
ನನಗೆ ಕಂಡದ್ದು ನನ್ನದೇ ರೆಪ್ಪೆಗೂದಲು.
ಹೌದ್ರಿ, ಅಂದುಬಿಟ್ಟೆ.

ದಿಲ್ಲಿಯಿಂದ ಮೂವರು ಬಂದರು
ಬೂಟಿಗೆ ನೀಲಿ ಚೀಲ ತೊಟ್ಟು, ಹದಿನಾಲ್ಕು ಪುಟದ ಅರ್ಜಿ ಹಿಡಿದು.
ದೇಶ ಇದನ್ನು ಬೆಳೆಸಬೇಕಂತೆ, ದುಡ್ಡೂ ಕೊಡುವುದಂತೆ,
ಯಾವ ಖಾತೆಯಿಂದ ಎಂಬುದಷ್ಟೇ ಪ್ರಶ್ನೆ.
ಬೇಸಾಯವೋ ಕಾರ್ಖಾನೆಯೋ, ಗುರುತು ಹಾಕಿ.
ಬೇಸಾಯವಾದರೆ ಸರ್ವೆ ನಂಬರು ಬರೆಯಿರಿ.
ಕಾರ್ಖಾನೆಯಾದರೆ ಹೊಗೆ ಎಷ್ಟು, ಬರೆಯಿರಿ.
ಜಾನುವಾರುಗಳ ಸಂಖ್ಯೆ ಎಂಬಲ್ಲಿ
ನುಸ್ರತ್ ಪೆನ್ನು ಎತ್ತಿ ಹಿಡಿದು ಬಹಳ ಹೊತ್ತು ಕೂತರು.
ಸೊನ್ನೆ ಎಂದರೆ ಸುಳ್ಳು. ಒಂದು ಎಂದರೂ ಸುಳ್ಳು.
ಕ್ಯಾಂಪಿನ ರಾಜುಗಾರು, ಮಿಲ್ಲಿನ ಧಣಿ,
ಮಜ್ಜಿಗೆ ಗ್ಲಾಸು ಮುಂದಿಡುತ್ತ
"ಕರೆಂಟು ಅಂತ ಬರೀರಿ ಮೇಡಂ, ಅದೊಂದು ಕೊಟ್ರೆ ಸಾಕು" ಎಂದರು.

ಅದೇ ಸಂಜೆ ಹುಲಿಗೆವ್ವ, ಹೆಗಲಿಗೆ ಕಂಬಳಿ.
ಬಾಗಿಲಲ್ಲೇ ನಿಂತು ಹಂಡೆಯನ್ನು ಮೇಲೆ ಕೆಳಗೆ ನೋಡಿ ಕೇಳಿದಳು:
"ಇದು ಹಿಕ್ಕಿ ಹಾಕತದೇನು?"

ಯಾರೂ ನಗಲಿಲ್ಲ.
ಒಂದು ರಾತ್ರಿ ಹೊಲದಲ್ಲಿ ಕುರಿ ತರುಬಿದರೆ
ರೈತ ಅವಳಿಗೆ ಜೋಳ ಅಳೆದು ಕೊಡುತ್ತಾನೆ.
ಮಾಂಸವಾಗುವುದು ಕುರಿಯ ಕಟ್ಟಕಡೆಯ ಕೆಲಸ.
"ಕುರಿ ಉಳಿತಾವ ಅಂತೀರಿ. ಉಳಿದು ಏನ್ ಮಾಡ್ಬೇಕವು?
ತೊಡಿ ನನ್ನ ಟಗರಿಂದು. ನನ್ನ ಪಾಲು ಯಾವ ಪುಟದಾಗದ?"
ಹದಿನಾಲ್ಕೂ ತಿರುವಿದೆವು. ಇರಲಿಲ್ಲ.
ನುಸ್ರತ್ ಒಂದು ಖಾಲಿ ಹಾಳೆಗೆ ಹದಿನೈದು ಎಂದು ಅಂಕಿ ಹಾಕಿದರು.
ಹುಲಿಗೆವ್ವ ಸಹಿ ಮಾಡುತ್ತಾಳೆ, ಹೆಬ್ಬೆಟ್ಟಲ್ಲ.

ಮೇ ಹದಿನೇಳರ ರಾತ್ರಿ.
ನಲವತ್ತನಾಲ್ಕು ಡಿಗ್ರಿಯ ಹಗಲು ಇನ್ನೂ ಗೋಡೆಯೊಳಗಿತ್ತು.
ಶಕ್ತಿನಗರದ ಚಿಮಣಿಗಳು ನಮ್ಮದೇ ಜಿಲ್ಲೆಯವು,
ಆದರೂ ಕರೆಂಟು ಹೋಯಿತು.
ಜನರೇಟರು ಎರಡು ಸಲ ಕೆಮ್ಮಿ ಮಲಗಿತು.
ಜೀವಮಾನವೆಲ್ಲ ಬಿಸಿ ಮಾಡಿದವನು
ಅಂದು ಹಂಡೆಗೆ ಗೋಣಿಚೀಲ ಹೊದಿಸಿ
ಕೊಡ ಕೊಡ ನೀರು ಸುರಿದೆ.
ನಲವತ್ತೊಂದು. ನಲವತ್ತೆರಡೂವರೆ.
ಬೆಳಗಿನ ಜಾವ ಹಂಡೆಯ ಗಾಜುಗಣ್ಣಿನಲ್ಲಿ
ಗಂಜಿಯಂತೆ ಕದಡಿದ ನೀರು.

ಸತ್ತಿತೆನ್ನಲೋ, ಕೆಟ್ಟಿತೆನ್ನಲೋ?
ಕುರಿ ಸತ್ತರೆ ಏನನ್ನಬೇಕು ಗೊತ್ತು,
ಅನ್ನ ಹಳಸಿದರೂ ಗೊತ್ತು.
ಇದಕ್ಕೆ ನನ್ನಲ್ಲಿ ಮಾತಿರಲಿಲ್ಲ.
ಚರಂಡಿಗೆ ಬಿಡಿ ಎಂದರು ನುಸ್ರತ್, ಮುಖ ತಿರುವಿ.
ನಾನು ಹಬೆಯಲ್ಲಿ ಚೆನ್ನಾಗಿ ಕುದಿಸಿ, ಆರಿಸಿ
ಹಿತ್ತಲಿನ ಬೇವಿನ ಬುಡಕ್ಕೆ ನಾಲ್ಕು ಕೊಡ ಹಾಕಿದೆ.
ಬೇವು ಚಿಗುರಿತು. ಅದು ಯಾವ ನೀರಿಗೂ ಚಿಗುರುವ ಮರ,
ಸಾಕ್ಷಿಗೆ ಕರೆಯುವಂತಿಲ್ಲ.
ಹುಲಿಗೆವ್ವನಿಗೆ ಇನ್ನೂ ಹೇಳಿಲ್ಲ.

ಮೊನ್ನೆ ಮತ್ತೆ ಶುರು.
ಪಶು ಆಸ್ಪತ್ರೆಯಿಂದ ಕಡ ತಂದ, ತಣ್ಣಗೆ ಹೊಗೆಯಾಡುವ ಕ್ಯಾನಿನಿಂದ
ಕಿರುಬೆರಳಷ್ಟು ಸೀಸೆ ಎತ್ತಿದರು.
ಅರ್ಜಿ ದಿಲ್ಲಿಯಲ್ಲಿದೆ, ಹದಿನೈದು ಪುಟ.
ನಾನು ಸ್ಟೂಲಿನ ಮೇಲೆ, ಉಕ್ಕಿಗೆ ಅಂಗೈ ಹಚ್ಚಿ.
ಮೀಟರು ಮೂವತ್ತೊಂಬತ್ತು ಎನ್ನುತ್ತದೆ,
ನಂಬದೆ ಇರಲು ಕಾರಣವಿಲ್ಲ.
ಆದರೂ ಹೊರಗೆ ರಸ್ತೆಯಲ್ಲಿ ಕುರಿಹಿಂಡು ಹಾಯುವ ಸದ್ದಾದರೆ
ಎದ್ದು ಹೋಗಿ, ಯಾವುದಾದರೊಂದರ
ಕಂಕುಳಲ್ಲಿ ಕೈಯಿಟ್ಟು
ಬಿಸಿ ಆರುವ ಮೊದಲೇ ಓಡಿ ಬರುತ್ತೇನೆ.