ಸೂರ್ಯಕಾಂತಿ ಸಿಪ್ಪೆಯ ಗೌರವಾರ್ಥ

ಮೊದಲೇ ಹೇಳಿಬಿಡುತ್ತೇನೆ, ತಪ್ಪಿನಲ್ಲಿ ನನ್ನದೂ ಪಾಲಿದೆ.
ಕುತಾಯಿಸಿಯ ವ್ಯಾನ್ ನಿಲ್ದಾಣದೆದುರು
ಹುರಿದ ಸೂರ್ಯಕಾಂತಿ ಬೀಜ ಮಾರುವವಳು ನಾನು,
ಹೆಸರು ತ್ಸಿಯಾಲಾ.
ಬೀಜ ಗಿರಾಕಿಯ ಹೊಟ್ಟೆಗೆ, ಕಾಸು ನನ್ನ ಜೇಬಿಗೆ,
ಸಿಪ್ಪೆ ಊರಿಗೆ.
ಇಪ್ಪತ್ತು ವರ್ಷ ಯಾರೂ ಕೇಳಲಿಲ್ಲ.

ಗೋಡೆಯ ಮೇಲೆ ಬರೆಸಿದರು: ಇಲ್ಲಿ ಕಸ ಹಾಕಬಾರದು.
ಆ ಗೋಡೆಗೇ ಆನಿಸಿ ಹಾಕಿದರು.
ದಂಡ ಅಂದರು. ದಂಡದ ರಸೀದಿ
ಅಲ್ಲೇ ನೆಲದ ಮೇಲೆ ಸಿಕ್ಕಿತು,
ನಾಲ್ಕು ಮಡಿಕೆಯಾಗಿ.

ಆಮೇಲೆ ಅಂಜೋರ್ ಬಂದ.
ಐವತ್ತು ವರ್ಷ ಮದುವೆಯೂಟಗಳಲ್ಲಿ ತಮಾದಾ ಆಗಿದ್ದವನು.
ಮೇಜಿನ ತುದಿಗೆ ನಿಂತು, ವೈನಿನ ಕೊಂಬೆತ್ತಿ
ಸತ್ತವರಿಗೆ, ಇನ್ನೂ ಹುಟ್ಟದವರಿಗೆ, ನೆರೆಮನೆಯ ಗೊಡ್ಡು ಹಸುವಿಗೂ
ಹಾರೈಸಿ ಹಾರೈಸಿ ಪಳಗಿದ ಗಂಟಲು.
ಡಾಕ್ಟರು ವೈನು ಬಿಡಿಸಿದರು.
ಮಾತು ಬಿಡಿಸಲು ಅವರಿಂದಾಗಲಿಲ್ಲ.
ಖಾಲಿ ಕೊಂಬು ಹಿಡಿದು ನನ್ನ ಪಕ್ಕದ ಬೆಂಚಿಗೆ ಬಂದು ಕೂತ.

ಮೊದಲು ಸಿಕ್ಕಿದ್ದು ಡ್ರೈವರ್ ಬಾದ್ರಿ.
ಎಸೆದ ಸಿಗರೇಟು ತುಂಡು ಇನ್ನೂ ಹೊಗೆಯಾಡುತ್ತಿತ್ತು.
ಅಂಜೋರ್ ಎದ್ದ, ಕೋಟಿನ ಗುಂಡಿ ಹಾಕಿಕೊಂಡ, ಕೊಂಬೆತ್ತಿದ.
‘ಮಹನೀಯರೇ, ಈ ತುಂಡಿನ ಗೌರವಾರ್ಥ!
ತಂದೆ ತಂಬಾಕು, ಹೊಲದಲ್ಲಿ ತಲೆಯೆತ್ತಿ ಬಾಳಿದ ಮಾನವಂತ.
ತಾಯಿ ತೆಳ್ಳನೆ ಕಾಗದ, ಬೆಂಕಿಯ ಮನೆಗೆ ಸೊಸೆಯಾಗಿ ಬಂದವಳು.
ಬಾದ್ರಿಯ ಹೆಂಡತಿಗೂ ಸಿಗದಷ್ಟು ಮುತ್ತು ಪಡೆದ ಈ ಕುಡಿ
ಇಂದು, ಅಯ್ಯೋ, ದಿಕ್ಕಿಲ್ಲದೆ ನಮ್ಮ ಕಾಲಡಿಯಲ್ಲಿ...’

ನಮ್ಮಲ್ಲೊಂದು ಕಟ್ಟಳೆ: ತಮಾದಾ ಕೊಂಬೆತ್ತಿದ ಮೇಲೆ
ಮಾತು ಮುಗಿಯುವ ತನಕ ಯಾರೂ ಕದಲುವಂತಿಲ್ಲ.
ಬಾದ್ರಿ ನಿಂತ. ಪ್ರಯಾಣಿಕರು ನಿಂತರು.
ವ್ಯಾನು ಹನ್ನೊಂದು ನಿಮಿಷ ತಡ.
ಕೊನೆಗೆ ಎಲ್ಲರೂ ಒಕ್ಕೊರಲಲ್ಲಿ: ಗೌಮಾರ್ಜೋಸ್, ಜಯವಾಗಲಿ!
ಬಾದ್ರಿಯ ಕಿವಿ ಕಾದ ಬಾಣಲೆ.
ಬಗ್ಗಿದ, ಹೆಕ್ಕಿದ, ಜೇಬಿಗೆ ಹಾಕಿಕೊಂಡ.
ಜೇಬು ಸುಟ್ಟಿತು.
ಅದಕ್ಕೂ ಒಂದು ಹಾರೈಕೆ ಆಯಿತು.

ಕಾರಿನ ಕಿಟಕಿಯಿಂದ ನೀರಿನ ಬಾಟಲಿ ಎಸೆದ
ನಗರಸಭೆಯ ಸಾಹೇಬರಿಗೆ ನಲವತ್ತು ನಿಮಿಷ.
ಮುಚ್ಚಳದ್ದು ಬೇರೆ.

ನನ್ನ ಸರದಿಯೂ ಬಂತು.
ಒಂದೊಂದು ಸಿಪ್ಪೆಗೂ ಒಂದೊಂದು ವಂಶಾವಳಿ ಶುರು ಮಾಡಿದ.
ಎಲ್ಲರ ಅಜ್ಜನೂ ಸೂರ್ಯನೇ.
ಇಪ್ಪತ್ತನೆಯ ಮೊಮ್ಮಗ ಹುಟ್ಟುವ ಹೊತ್ತಿಗೆ
ನಾನು ಪೊರಕೆ ತಂದಿದ್ದೆ.

ಈಗ ಊರಿನ ಜೇಬುಗಳೆಲ್ಲ ಉಬ್ಬಿವೆ.
ಬಟ್ಟೆ ಒಗೆಯುವ ತಾಯಂದಿರು
ಅಂಜೋರನ ಹೆಸರಿಟ್ಟು ಬೈಯುತ್ತಾರೆ,
ಅವನ ಆಯುಸ್ಸು ಗಟ್ಟಿ ಎಂದುಕೊಂಡಿದ್ದೆವು.

ಮಾರ್ಚಿನ ಒಂದು ಬೆಳಗ್ಗೆ, ರಿಯೋನಿ ನದಿ ಕಡೆಯಿಂದ ಗಾಳಿ.
ಕರ್ಚೀಫು ಎಳೆದಾಗ ಅವನ ಜೇಬಿನಿಂದ
ಮಾತ್ರೆಯ ಪಟ್ಟಿಯೊಂದು ಜಾರಿ ಬಿತ್ತು.
ಅವನೊಬ್ಬನಿಗೆ ಗೊತ್ತಾಗಲಿಲ್ಲ.

ನುತ್ಸಾಗೆ ಎಂಟು ವರ್ಷ, ಮುಂದಿನ ಹಲ್ಲೆರಡಿಲ್ಲ.
ಜ್ಯೂಸಿನ ಡಬ್ಬಿ ಎತ್ತಿ ಬೆಂಚು ಹತ್ತಿದಳು.
‘ಮಹನೀಯರೇ!’
ಅಂಜೋರ್ ಟೋಪಿ ತೆಗೆದು ನಿಂತ. ಕಟ್ಟಳೆ ಕಟ್ಟಳೆಯೇ.

‘ಈ ಬೆಳ್ಳಿ ಬೀದಿಯ ಗೌರವಾರ್ಥ.
ಇದರಲ್ಲಿ ಹತ್ತು ಮನೆ.
ಎಂಟರ ಬಾಗಿಲು ಒಡೆದಿದೆ,
ಅವರೆಲ್ಲ ಅಜ್ಜನ ಎದೆಯೊಳಗೆ ಕೆಲಸಕ್ಕೆ ಹೋಗಿದ್ದಾರೆ.
ಆಮೇಲೆ... ಆಮೇಲೆ...’
ಮರೆತು ಹೋಯಿತು ಅವಳಿಗೆ.
ನಾವು ನೆಲ ನೋಡಿದೆವು. ಯಾರಿಗೂ ನಗು ಬರಲಿಲ್ಲ.
ಹೊರಡುವ ಹೊತ್ತು ಮೀರಿತ್ತು,
ಬಾದ್ರಿ ಹಾರ್ನ್ ಹೊಡೆಯಲಿಲ್ಲ.
‘ಉಳಿದ ಇಬ್ಬರು,’ ಅಂದಳು ನುತ್ಸಾ, ‘ನಿಧಾನಕ್ಕೆ ಹೊರಡಲಿ.’

ಗೌಮಾರ್ಜೋಸ್ ಅಂದೆವು, ಮಗು ಮಲಗಿರುವ ಮನೆಯಲ್ಲಿ ಅನ್ನುವಂತೆ.

ಅವನು ಬಗ್ಗಿದ. ಹೊತ್ತು ಹಿಡಿಯಿತು.
ಯಾರೂ ಕೈ ಕೊಡಲಿಲ್ಲ, ಬೀಳಿಸಿದವನೇ ಎತ್ತಬೇಕಲ್ಲ.
ಪಟ್ಟಿಯನ್ನು ಕಿವಿಯ ಬಳಿ ಹಿಡಿದು
ಒಮ್ಮೆ ಅಲುಗಿಸಿ ಕೇಳಿದ.
‘ಇದ್ದಾರೆ,’ ಅಂದ.