ಬಂದರಿಲ್ಲದ ಊರಿನಲ್ಲಿ

ಗ್ಯೂಮ್ರಿಯಲ್ಲಿ ಫೆಬ್ರವರಿ. ಮೈನಸ್ ಹದಿನೆಂಟು.
ನ್ವಾರ್ದಳ ಉಣ್ಣೆ ಚಪ್ಪಲಿಯ ಅಂಗಡಿಯಲ್ಲಿ
ಒಲೆಯ ಪಕ್ಕದ ಸ್ಟೂಲಿನ ಮೇಲೆ ನಾನು,
ಬಾಯಿಗೆ ಬೀಗ.
ಒಪ್ಪಂದವೇ ಹಾಗೆ: ನಾವು ಹತ್ತು ವರ್ಷ ಕೂತು ಬರೆದ
ಲೆಕ್ಕದ ತಂತ್ರಾಂಶವನ್ನು ಆಕೆ ಒಬ್ಬಳೇ ಹಾಕಿಕೊಳ್ಳಬೇಕು;
ನಾನು ನೋಡಬೇಕು, ನೆರವಾಗಕೂಡದು,
ಬೆರಳು ನಿಂತಲ್ಲೆಲ್ಲ ಪುಸ್ತಕದಲ್ಲಿ ಒಂದು ಗೀಟು.

ಮೂರನೇ ನಿಮಿಷಕ್ಕೇ ಬಿತ್ತು ಮೊದಲ ಗೀಟು.
ಪರದೆ ಕೇಳಿತು: ಆತಿಥೇಯರ ಹೆಸರು?
ನಮ್ಮವರೇ ಯಾರೋ, ಪಾಪ, ಶ್ರದ್ಧೆಯಿಂದ
ಪದಕ್ಕೆ ಪದವಿಟ್ಟು ಅರ್ಮೇನಿಯನ್ನಿಗೆ ತಂದದ್ದು.
ಆಕೆ ಸುತ್ತ ನೋಡಿದಳು. ಅಂಗಡಿ ತನ್ನದು,
ಒಲೆ ತನ್ನದು, ನನ್ನ ಕೈಯ ಚಹಾ ತಾನು ಕೊಟ್ಟದ್ದು.
ನ್ವಾರ್ದ್, ಎಂದು ಬರೆದಳು.
ಅದು ತಪ್ಪು ಎನ್ನಲು ನನಗೆ
ಇಂದಿಗೂ ಕಾರಣ ಸಿಕ್ಕಿಲ್ಲ.
ಪರದೆಗೆ ಸಿಕ್ಕಿತು, ಕೆಂಪಕ್ಷರದಲ್ಲಿ, ನಾಲ್ಕು ಸಾಲು.

ಆಮೇಲೆ ಬಂದರು.
ಬಂದರಿನ ಸಂಖ್ಯೆ ನಮೂದಿಸಿ.
"ನಮ್ಮ ದೇಶಕ್ಕೆ ಸಮುದ್ರವೇ ಇಲ್ಲವಲ್ಲೋ ಹ್ರಾಂತ್,
ಬಂದರು ಎಲ್ಲಿಂದ ತರಲಿ?"
ನಾನು ನಗಲಿಲ್ಲ. ನಕ್ಕರೆ ಅದೂ ಸುಳಿವೇ.
ಉಣ್ಣೆಯ ಬಣ್ಣದ ಡಬ್ಬಿಗಳು ಹಡಗಿನಿಂದಿಳಿಯುವುದು
ಗಡಿಯಾಚೆಯ ಪೋತಿಯಲ್ಲಿ. ಪೋತಿ, ಎಂದು ಬರೆದಳು.
ಅದೂ ಕೆಂಪಾಯಿತು.

ಪುಕ್ಕಟೆ ಕೊಟ್ಟಿದ್ದೇವೆಂದು ಬೀಗುತ್ತಿದ್ದೆವು ನಾವು.
ಬಾಗಿಲಿಗೆ ಅಗುಳಿಯೇ ಇಲ್ಲ, ಯಾರಾದರೂ ಬನ್ನಿ, ಎಂದು.
ಹೊಸ್ತಿಲು ಎದೆಮಟ್ಟ ಇದೆಯೆಂದು
ಒಳಗೇ ಹುಟ್ಟಿದವರಿಗೆ ಹೇಗೆ ಗೊತ್ತಾಗಬೇಕು?
ನಾನೇ ಬರೆದ ಕೈಪಿಡಿಯಲ್ಲಿ ಎಣಿಸಿ ನೋಡಿದೆ:
'ಸುಲಭವಾಗಿ' ಹನ್ನೊಂದು ಸಲ.

ಅಷ್ಟರಲ್ಲಿ ಹಿಮ ಕೊಡವುತ್ತ ಒಬ್ಬ ಒಳಬಂದ.
ನಲ್ಲಿ ರಿಪೇರಿಯವನು, ಕೈಯಲ್ಲಿ ಇನ್ನೂ ಪಾನಾ.
ನ್ವಾರ್ದ್ ಲ್ಯಾಪ್‌ಟಾಪನ್ನು ಆಚೆ ಸರಿಸಿ
ನೀಲಿ ರಟ್ಟಿನ ಪುಸ್ತಕ ತೆಗೆದಳು:
ಸೆರೋಬ್, ಒಂದು ಜೊತೆ, ನಲವತ್ಮೂರು, ಸಂಬಳದ ದಿನ.
ಆತ ಹೋದ. ಒಲೆಗೆ ಒಂದು ಕೊರಡು ಬಿತ್ತು.

ನಾನು ಒಪ್ಪಂದ ಮುರಿದೆ.
"ಈ ಪುಸ್ತಕ ಶುರುಮಾಡಲು ಎಷ್ಟು ಹೊತ್ತು ಬೇಕಾಯಿತು?"
ಪ್ರಶ್ನೆಯೇ ಅರ್ಥವಾಗದವಳಂತೆ ನೋಡಿದಳು.
"ಸಾಲ ಕೇಳುವವ ಒಬ್ಬ ಬೇಕಾಯಿತು."

ಆ ರಾತ್ರಿ ವಸತಿಗೃಹದಲ್ಲಿ, ಕೋಟು ತೆಗೆಯದೆ,
ಮೂವತ್ತೊಂದು ಪ್ರಶ್ನೆಗಳನ್ನು ಅಳಿಸುತ್ತ ಕೂತೆ.
ಯಂತ್ರಕ್ಕೆ ತಾನೇ ಗೊತ್ತಿದ್ದದ್ದನ್ನು
ಮನುಷ್ಯರನ್ನೇಕೆ ಕೇಳುತ್ತಿದ್ದೆವು?
ರಾಟರ್ಡ್ಯಾಮಿನಿಂದ ಯೋಸ್ಟ್ ಜಗಳಕ್ಕೆ ಬಂದ,
ಬೇಕೆನ್ನುವವರಿಗೆ ಏನು ಗತಿ, ಎಂದು.
ಹಿತ್ತಿಲ ಕೋಣೆಯಲ್ಲಿಡೋಣ, ಎಸೆಯುವುದು ಬೇಡ, ಎಂದೆ.
ಹೊಸ್ತಿಲಲ್ಲಿ ಉಳಿದದ್ದು ಎರಡು: ಅಂಗಡಿಯ ಹೆಸರೇನು,
ಲೆಕ್ಕ ದ್ರಾಮ್‌ನಲ್ಲೋ ಬೇರೆಯದರಲ್ಲೋ.
ಹೊಸದಾಗಿ ಸೇರಿದ್ದು ಒಂದು,
ಹತ್ತು ವರ್ಷದಲ್ಲಿ ನಮಗ್ಯಾರಿಗೂ ಹೊಳೆಯದ್ದು:
ಕಡ ಕೊಡುವ ರೂಢಿ ಇದೆಯೇ?

ಏಪ್ರಿಲಿನಲ್ಲಿ ಮತ್ತೆ ಅದೇ ಸ್ಟೂಲು. ಒಲೆ ಆರಿತ್ತು.
ಮೂರಕ್ಕೂ ಆಕೆ ತಲೆ ಎತ್ತದೆ ಉತ್ತರಿಸಿದಳು,
ಮೂರನೆಯದಕ್ಕೆ ಸಣ್ಣಗೆ ನಗುತ್ತ.
ನನ್ನ ಚಹಾ ಇನ್ನೂ ಬಿಸಿಯಿತ್ತು.
ಗೆದ್ದೆ ಎಂದುಕೊಂಡು ಪೆನ್ನಿನ ಮುಚ್ಚಳ ಹಾಕಿದೆ.

ಬೆರಳು ನಿಂತಿತು.
ಕೊನೆಯಲ್ಲೊಂದು ಗುಂಡಿ, ಹಸಿರು: ಮುಗಿಸಿ.
"ಮುಗಿಸಿ ಅಂದರೆ?
ನಾನು ಅಂಗಡಿ ಮುಚ್ಚಲು ಕೂತಿಲ್ಲವಲ್ಲ."

ಮುಚ್ಚಳ ತೆಗೆದೆ.