ಇನ್ನೂ ಮೇಲೆ ಬಂದಿಲ್ಲ

ಹಾರಂಗಿಯ ಹಿನ್ನೀರಲ್ಲಿ ಹತ್ತು ಮೀಟರ್ ಇಳಿದರೆ
ಪಟ್ಟಿಯಲ್ಲಿ ಹನ್ನೊಂದು ಅಂತ ಹಿಡಿಯಬೇಕು.
ಬೆಟ್ಟದ ಮೇಲೆ ಗಾಳಿ ತೆಳು,
ಕಡಲಿಗೆ ಮಾಡಿದ ಲೆಕ್ಕ ಇಲ್ಲಿ ಸುಳ್ಳಾಗುತ್ತದೆ.
ಮೊದಲ ಪಾಠ ಇದು.
ಹೇಳಿದವರು ಕಾರವಾರದ ಸುಕನ್ಯಾ ಹರಿಕಂತ್ರ ಮೇಡಂ.
ಬಂದ ದಿನವೇ ನಮ್ಮ ನೀರನ್ನು ನಾಲಿಗೆಗಿಟ್ಟು
"ಸಪ್ಪೆ" ಅಂದಿದ್ದರು, ಯಾರದೋ ಮನೆ ಸಾರಿಗೆ ಅನ್ನುವಂತೆ.

ಅಪ್ಪನಿಗೆ ನಗು.
ಮೂವತ್ತು ವರ್ಷ ಇದೇ ನೀರಿಗೆ ಬಲೆ ಬೀಸಿದವನು
ಒಂದು ದಿನವೂ ಕಣ್ಣು ಬಿಟ್ಟು ಮುಳುಗಿದವನಲ್ಲ.
"ಅಡಿಯಲ್ಲಿ ಏನಿದೆ ಅಂತ ಬಲೆ ಹೇಳತ್ತೆ ಸೆಲ್ವಿ,
ಹರಿದರೆ ಮರದ ಬುಡ, ಭಾರ ಬಂದರೆ ಕಾಟ್ಲಾ.
ಇದಕ್ಕೂ ಒಂದು ಸರ್ಟಿಫಿಕೇಟಾ?"
ಆದರೂ ದಿನಾ ತೆಪ್ಪದಲ್ಲಿ ಕೂತು ಕಾದ,
ಗುಳ್ಳೆ ಏಳುವ ಜಾಗದಿಂದ ಕಣ್ಣು ತೆಗೆಯದೆ.

ಇಪ್ಪತ್ತಮೂರು ಮುಳುಗು.
ಕನ್ನಡಕಕ್ಕೆ ನೀರು ತುಂಬಿಕೊಂಡು ಮೂಗಿನಿಂದ ಊದಿ ಖಾಲಿ ಮಾಡುವುದು,
ಕಣ್ಣು ಮುಚ್ಚಿ ಕೊಳವೆ ಹುಡುಕುವುದು,
ಜೊತೆಗಾತಿಯಿಂದ ನಾಲ್ಕು ಉಸಿರು ಸಾಲ ತರುವುದು.
ನನ್ನ ಜೊತೆಗೆ ಚೋಂದಮ್ಮ.
ನೆಲದ ಮೇಲೆ ನಮಗೆ ಮಾತು ಕಡಿಮೆ.
ನೀರಲ್ಲಿ ಅವಳ ಹೆಬ್ಬೆರಳು ಮೇಲಾದರೆ
ಕಾರಣ ಕೇಳದೆ ನಾನೂ ಏಳಬೇಕು.

ಪರೀಕ್ಷೆ ಬುಧವಾರ ಇತ್ತು. ತೂಬು ಎತ್ತಿದರು,
ನೀರು ಕದಡಿ ಕಾಫಿಯಾಯಿತು,
ಶನಿವಾರಕ್ಕೆ ಹೋಯಿತು.
ಶನಿವಾರ ರಾತ್ರಿ ಮಡಿಕೇರಿಯಲ್ಲಿ
ಚೋಂದಮ್ಮನ ಅಣ್ಣನ ಮದುವೆಯ ಊರ್‌ಕೂಡುವ.
"ಮಧ್ಯಾಹ್ನಕ್ಕೆ ಮುಗಿಯತ್ತಲ್ಲ" ಅಂದಳು.

ಇಳಿದೆವು.
ಮುಳುಗಿದ ಗದ್ದೆಯ ಬದುವಿನುದ್ದಕ್ಕೂ ಟೇಪು ಬಿಚ್ಚಿ
ಐದೈದು ಮೀಟರಿಗೊಂದು ಚೌಕಟ್ಟು ಇಟ್ಟು
ಒಳಗಿನ ಕಪ್ಪೆಚಿಪ್ಪು ಎಣಿಸುವುದು.
ಬದುಕಿದ್ದು ಬೇರೆ, ಬರೀ ಚಿಪ್ಪು ಬೇರೆ.
ಏಳನೆಯ ಚೌಕದಲ್ಲಿ ನನ್ನದೇ ಕಾಲು ಕೆಸರೆಬ್ಬಿಸಿತು.
ಕಾದೆ. ಸಿಲಿಂಡರಿನ ಮುಳ್ಳು ಇಳಿಯುತ್ತಿತ್ತು.
ಆರರಲ್ಲಿ ಒಂಬತ್ತಿದ್ದವು,
ಏಳರಲ್ಲೂ ಒಂಬತ್ತು ಅಂತ ಗೀಚಿದರೆ
ಯಾರು ಬಂದು ನೋಡುತ್ತಾರೆ?
ಹಲಗೆಯ ಮೇಲೆ ಪೆನ್ಸಿಲು ನಿಂತಿತು.
ಕೆಸರೊಳಗೆ ಏನೋ ಬಾಯಿ ಮುಚ್ಚಿಕೊಂಡ ಸದ್ದು,
ಕೇಳಿದ್ದೋ, ನನ್ನ ಹಲ್ಲೋ.
"ಏಳು: ಕಾಣಲಿಲ್ಲ" ಅಂತ ಬರೆದೆ.

ಮೇಡಂ ಹಲಗೆ ಓದಿದರು. ಏನೂ ಹೇಳಲಿಲ್ಲ.
ಲಾಗ್ ಪುಸ್ತಕದಲ್ಲಿ ಸಹಿಗಿಂತ ದೊಡ್ಡದಾಗಿ
ಅವರ ಒದ್ದೆ ಹೆಬ್ಬೆಟ್ಟು ಬಿದ್ದಿತ್ತು.
ಚೋಂದಮ್ಮ ಆಗಲೇ ಜೀಪಿನ ಕೀಲಿ ಹಿಡಿದಿದ್ದಳು.

"ಎಲ್ಲಿಗೆ?"
"ಮಡಿಕೇರಿಗೆ."
"ಅದೂ ಮೇಲೇಳುವುದೇ."
ಸುಂಟಿಕೊಪ್ಪ ದಾಟಿ ಹತ್ತಿದರೆ ಇನ್ನೂ ಮುನ್ನೂರು ಮೀಟರ್;
ರಕ್ತದಲ್ಲಿ ಕರಗಿದ ಗಾಳಿಗೆ
ರಸ್ತೆ ಯಾವುದು ನೀರು ಯಾವುದು ಗೊತ್ತಾಗುವುದಿಲ್ಲ.
ಹನ್ನೆರಡು ಗಂಟೆ ಕೂರು, ಅಂದರು.

ಅತ್ತಳೇನೋ. ಕೂದಲಿಂದ ನೀರಿಳಿಯುತ್ತಿತ್ತು, ಹೇಳಲಾರೆ.

ಹುದುಗೂರಿನ ನಮ್ಮ ಮನೆಯಲ್ಲಿ ಅಮ್ಮ ಮೀನು ಹುರಿದಳು.
ಎಂಟಕ್ಕೆ ಫೋನು.
"ನಾನಿನ್ನೂ ಮೇಲೆ ಬಂದಿಲ್ಲ" ಅಂದಳು ಚೋಂದಮ್ಮ.
ಆ ಕಡೆ ವಾಲಗದ ನಡುವೆ ಯಾರೋ ಕಿರುಚಿದರು:
"ಅಯ್ಯೋ, ಇನ್ನೂ ನೀರಲ್ಲೇ ಇದ್ದಾಳಂತೆ!"
ಫೋನು ಇಟ್ಟ ಮೇಲೂ
ಮಂಚದ ಕೆಳಗೆ ಅವಳ ಪಾದ ತಾಳ ಹಾಕುತ್ತಿತ್ತು.

ಅಪ್ಪ ಬೀಡಿ ಆರಿಸಿ ಕೇಳಿದ, "ಆ ಏಳನೇದು ಎಲ್ಲಿ?"
"ಹಳೇ ಗದ್ದೆಯ ಮೂಲೆ."
"ಅಲ್ಲಿ ಬಲೆ ಯಾವತ್ತೂ ಸುಮ್ಮನೆ ಬರತ್ತೆ."
ಸ್ವಲ್ಪ ಹೊತ್ತಾದ ಮೇಲೆ,
"ನನಗೂ ಗೊತ್ತಿಲ್ಲ."

ರಾತ್ರಿ ಒಂದೂವರೆ.
ಅಂಗಳದಲ್ಲಿ ಜೀಪು ಗುರುಗುಟ್ಟಿತು.
ಮುಂದೆ ಆನೆಕಾಡು, ಆನೆ ಇದ್ದರೂ ಇರಬಹುದು.
ಕಿಟಕಿಯಿಂದ ಒಂದು ಕೈ ಹೊರಬಂತು,
ಹೆಬ್ಬೆರಳು ಮೇಲೆ.
ಕತ್ತಲಲ್ಲಿ ನನ್ನ ಚಪ್ಪಲಿ ಹುಡುಕಿದೆ.